ಉಳಿತಾಯದ ಪಾಠ ಬರೀ ಅಡುಗೆಮನೆಗೇ ಯಾಕೆ?

ಮನೆಯಲ್ಲಿ ದುಡ್ಡು ಬಿಗಿಯಾದಾಗ ಮೊದಲು ಕತ್ತರಿ ಬೀಳೋದು ಎಲ್ಲಿಗೆ? ಅಡುಗೆ ಎಣ್ಣೆಗೆ, ತೊಗರಿಬೇಳೆಗೆ, ಮಕ್ಕಳ ಬಿಸ್ಕತ್ತಿಗೆ. "ಸ್ವಲ್ಪ ನೋಡ್ಕೊಂಡು ಖರ್ಚು ಮಾಡು" ಅನ್ನೋ ಮಾತು ಯಾವಾಗಲೂ ಹೆಂಡತಿಗೋ ಅವ್ವನಿಗೋ ಹೇಳುವ ಮಾತೇ. ಅದೇ ಹೊತ್ತಿನಲ್ಲಿ ಅಂಗಳದಲ್ಲಿ ನಿಂತ ಬೈಕಿನ ಕಂತು, ಗೊಬ್ಬರದಂಗಡಿಯ ಉದ್ರಿ, ವರ್ಷಕ್ಕೆ ಹತ್ತು ದಿನ ಓಡಿ ಉಳಿದ ದಿನ ಕೊಟ್ಟಿಗೆಯಲ್ಲಿ ಧೂಳು ತಿನ್ನೋ ಮಷೀನು, ಇವುಗಳ ಲೆಕ್ಕ ಮಾತ್ರ ಯಾರೂ ಕೇಳಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀನಿ. ನಮ್ಮ ಸಣ್ಣ ರೈತರ ಮನೆಗಳಲ್ಲಿ ದುಡ್ಡು ಸೋರ್ತಾ ಇರೋದು ಒಲೆಯ ಹತ್ತಿರ ಅಲ್ಲ, ಹೊರಗೆ. ಹೆಚ್ಚು ಕಮ್ಮಿ ನಾವು ಗಂಡಸರು ಸಹಿ ಹಾಕಿದ ಕಡೆ. ಎರಡನೇ ಮಾತು, ಆ ಸೋರಿಕೆಯನ್ನು ಒಂದೊಂದೇ ಮನೆ ಒಂಟಿಯಾಗಿ ನಿಲ್ಲಿಸೋಕೆ ಆಗಲ್ಲ. ನಾಲ್ಕೈದು ಮನೆ ಸೇರಬೇಕು. ನಮ್ಮ ಅಜ್ಜಂದಿರು ಇದನ್ನು ಮುಯ್ಯಿ ಅಂತ ಕರೀತಿದ್ದರು. ನಾವು ಅದನ್ನು ಹಳೇ ಕಾಲದ್ದು ಅಂತ ಬಿಟ್ಟೆವು, ಅದರ ಜಾಗಕ್ಕೆ ಕಂತು ಬಂದು ಕೂತಿದೆ.

ಸೋರುವ ತೂತು ಎಲ್ಲಿದೆ?

ಒಂದು ಸಣ್ಣ ಲೆಕ್ಕ ಮಾಡೋಣ. ಅಡುಗೆಮನೆಯಲ್ಲಿ ತುಂಬಾ ಬಿಗಿ ಹಿಡಿದು ತಿಂಗಳಿಗೆ 300 ರೂಪಾಯಿ ಉಳಿಸಿದರು ಅಂತ ಇಟ್ಕೊಳ್ಳಿ. ವರ್ಷಕ್ಕೆ 3,600. ಬೇಳೆ ಕಮ್ಮಿ ಮಾಡಿ, ಎಣ್ಣೆ ಕಮ್ಮಿ ಮಾಡಿ, ಮೊಟ್ಟೆ ಬಿಟ್ಟು ಉಳಿಸಿದ ದುಡ್ಡು ಇದು.

ಈಗ ಅಂಗಳಕ್ಕೆ ಬನ್ನಿ. 60,000 ರೂಪಾಯಿ ಬೈಕ್ ಸಾಲ, ಎರಡು ವರ್ಷ, "ಬಡ್ಡಿ ಬರೀ 12 ಪರ್ಸೆಂಟ್ ಸರ್" ಅಂತ ಶೋರೂಮಿನಲ್ಲಿ ಹೇಳ್ತಾರೆ. ಅದು ಫ್ಲಾಟ್ ಬಡ್ಡಿ ಆಗಿದ್ದರೆ ಎರಡು ವರ್ಷಕ್ಕೆ ಬಡ್ಡಿ 14,400. ತಿಂಗಳ ಕಂತು 3,100. ಅಂದರೆ ವರ್ಷಕ್ಕೆ 7,200 ಬಡ್ಡಿಗೇ ಹೋಯ್ತು. ಅಡುಗೆಮನೆಯಲ್ಲಿ ಎರಡು ವರ್ಷ ಹೊಟ್ಟೆ ಕಟ್ಟಿ ಉಳಿಸಿದ್ದು ಬೈಕಿನ ಒಂದು ವರ್ಷದ ಬಡ್ಡಿಗೆ ಸಮ.

ಬೈಕ್ ಬೇಡ ಅಂತ ನಾನು ಹೇಳ್ತಿಲ್ಲ. ಹಾಲು ಡೇರಿಗೆ ಹಾಕಬೇಕು, ಮಾರ್ಕೆಟ್ಟಿಗೆ ಹೋಗಬೇಕು, ರಾತ್ರಿ ಹೊತ್ತು ಯಾರಿಗಾದರೂ ಹುಷಾರಿಲ್ಲ ಅಂದರೆ ಆಸ್ಪತ್ರೆಗೆ ಓಡಬೇಕು. ಬೈಕ್ ಬೇಕು. ಆದರೆ ಯಾವ ಬೈಕು, ಹೊಸದೋ ಹಳೆಯದೋ, ಎಷ್ಟು ಸಾಲ, ಯಾವ ಬಡ್ಡಿಗೆ, ಇದನ್ನು ಮನೆಯವರ ಜೊತೆ ಕೂತು ಮಾತಾಡಿದ್ದೀವಾ? ಅರ್ಧ ಕೆಜಿ ಬೇಳೆಗೆ ಪ್ರಶ್ನೆ ಕೇಳೋ ನಾವು ಅರವತ್ತು ಸಾವಿರದ ಕಾಗದಕ್ಕೆ ಎರಡು ನಿಮಿಷದಲ್ಲಿ ಸಹಿ ಹಾಕಿ ಬರ್ತೀವಿ. ನನ್ನ ತಕರಾರು ಇಷ್ಟೇ.

ಬಡ್ಡಿಯ ಭಾಷೆ ಕಲೀರಿ

ನಮ್ಮಲ್ಲಿ ಬಡ್ಡಿಯನ್ನು ಎರಡು ಮೂರು ಭಾಷೆಯಲ್ಲಿ ಹೇಳ್ತಾರೆ. ಅದರಲ್ಲೇ ಅರ್ಧ ಮೋಸ ಹೋಗ್ತೀವಿ.

ಊರಿನ ಕೈಸಾಲದಲ್ಲಿ "ನೂರಕ್ಕೆ ಮೂರು" ಅಂದರೆ ತಿಂಗಳಿಗೆ ಮೂರು. ವರ್ಷಕ್ಕೆ 36. "ನೂರಕ್ಕೆ ಐದು" ಅಂದರೆ ವರ್ಷಕ್ಕೆ 60. ಬ್ಯಾಂಕಿನವರು ಹೇಳೋ 9 ಅಥವಾ 11 ವರ್ಷದ ಲೆಕ್ಕ. ಕಿವಿಗೆ ಮೂರು ಸಣ್ಣದಾಗಿ, ಒಂಬತ್ತು ದೊಡ್ಡದಾಗಿ ಕೇಳುತ್ತೆ. ನಿಜ ಉಲ್ಟಾ.

ಫ್ಲಾಟ್ ಬಡ್ಡಿ ಇನ್ನೊಂದು ಆಟ. ಮೇಲಿನ ಬೈಕ್ ಸಾಲದಲ್ಲಿ ಪ್ರತಿ ತಿಂಗಳು ನೀವು ಅಸಲನ್ನೂ ಕಟ್ಟುತ್ತಾ ಬರ್ತೀರಿ. ಹನ್ನೆರಡನೇ ತಿಂಗಳಿಗೆ ಅಸಲಿನಲ್ಲಿ ಹತ್ತಿರ ಹತ್ತಿರ ಅರ್ಧ ತೀರಿರುತ್ತೆ. ಆದರೂ ಬಡ್ಡಿ ಮಾತ್ರ ಪೂರ್ತಿ 60,000ಕ್ಕೇ ಹಾಕ್ತಾರೆ. ಹೀಗಾಗಿ 12 ಅಂತ ಹೇಳಿದ ಬಡ್ಡಿ, ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 21.6 ಆಗುತ್ತೆ. ಇನ್ನು ಮೇಲೆ ಯಾರೇ ಸಾಲ ಕೊಡೋಕೆ ಬಂದರೂ ಒಂದೇ ಪ್ರಶ್ನೆ ಕೇಳಿ: "ಇದು ಫ್ಲಾಟ್ ಬಡ್ಡಿನಾ, ಉಳಿಕೆ ಅಸಲಿನ ಮೇಲಿನ ಬಡ್ಡಿನಾ?" ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲದ ಎಲ್ಲಾ ಖರ್ಚು ಸೇರಿಸಿ ವರ್ಷದ ಬಡ್ಡಿ ಎಷ್ಟು ಅಂತ ಬರೆದ ಒಂದು ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ, ಅವನಿಗೆ ಅರ್ಥವಾಗೋ ಭಾಷೆಯಲ್ಲಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಆ ಪತ್ರ ಕೇಳಿ ತಗೊಳ್ಳಿ. ಕೇಳೋದು ನಿಮ್ಮ ಹಕ್ಕು, ನಾಚಿಕೆ ಬೇಡ.

ಮೂರನೇದು ಗೊಬ್ಬರದಂಗಡಿ. ಅಲ್ಲಿ ಬಡ್ಡಿ ಅನ್ನೋ ಪದವೇ ಬರಲ್ಲ. ಕೀಟನಾಶಕದ ಬಾಟಲಿ ಮೇಲೆ 1,000 ಅಂತ ಅಚ್ಚಾಗಿರುತ್ತೆ ಅಂತ ಇಟ್ಕೊಳ್ಳಿ. ನಗದು ಕೊಟ್ಟರೆ 850ಕ್ಕೆ ಕೊಡ್ತಾರೆ, ಉದ್ರಿಗೆ 1,000. ಐದು ತಿಂಗಳು ಬಿಟ್ಟು ಸುಗ್ಗಿಗೆ ಕೊಟ್ಟರೆ 850 ರೂಪಾಯಿಗೆ 150 ರೂಪಾಯಿ ಬಡ್ಡಿ ಕೊಟ್ಟ ಹಾಗೆ. ವರ್ಷದ ಲೆಕ್ಕಕ್ಕೆ ನೂರಕ್ಕೆ 42. ಅದರ ಜೊತೆಗೆ "ಮಾಲು ನಮಗೇ ಹಾಕಪ್ಪ" ಅನ್ನೋ ಕಟ್ಟು ಬೇರೆ. ಯಾವ ಔಷಧಿ ಬೇಕು ಅಂತ ಹೇಳೋರೂ ಅವರೇ, ಕೊಡೋರೂ ಅವರೇ, ಫಸಲಿಗೆ ಬೆಲೆ ಕಟ್ಟೋರೂ ಅವರೇ ಆದರೆ ನಮ್ಮ ಕೈಯಲ್ಲಿ ಉಳಿಯೋದೇನು?

ಇದರ ಎದುರಿಗೆ ಇರೋ ದಾರಿ ನೋಡಿ. ಕರ್ನಾಟಕದಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ 5 ಲಕ್ಷದವರೆಗಿನ ಬೆಳೆಸಾಲಕ್ಕೆ, ಸಕಾಲಕ್ಕೆ ತೀರಿಸಿದರೆ, ಬಡ್ಡಿ ಇಲ್ಲ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಬೆಳೆಸಾಲ 3 ಲಕ್ಷದವರೆಗೆ ಶೇ. 7ಕ್ಕೆ, ಸಕಾಲಕ್ಕೆ ಕಟ್ಟಿದರೆ ಶೇ. 4ಕ್ಕೆ ಬೀಳುತ್ತೆ. ಎಲ್ಲರಿಗೂ 5 ಲಕ್ಷ ಸಿಗಲ್ಲ, ಜಮೀನು ಮತ್ತು ಬೆಳೆ ನೋಡಿ ಕೊಡ್ತಾರೆ, ಅದು ಸರಿ. ಆದರೆ ಸಿಗೋ ಐವತ್ತು ಸಾವಿರವನ್ನಾದರೂ ಪಡೆದು ನಗದು ಕೊಟ್ಟು ಬೀಜ ಗೊಬ್ಬರ ತಂದರೆ ಉದ್ರಿಯ ಕಟ್ಟಿನಿಂದ ಬಿಡುಗಡೆ. ಇಲ್ಲಿ ಒಂದೇ ಒಂದು ಎಚ್ಚರ: "ಸಕಾಲಕ್ಕೆ" ಅನ್ನೋ ಪದ. ಗಡುವು ದಾಟಿದರೆ ರಿಯಾಯಿತಿ ಹೋಗುತ್ತೆ. ಕಟ್ಟಬೇಕಾದ ತಾರೀಖನ್ನು ಮೊಬೈಲಿನಲ್ಲಿ ಒಂದು ತಿಂಗಳು ಮುಂಚೆಯೇ ಅಲಾರಂ ಇಟ್ಟುಕೊಳ್ಳಿ.

ಸಹಕಾರ ಸಂಘ ಅಂದರೆ ರಾಜಕೀಯ ಅಂತ ಮೂಗು ಮುರೀಬೇಡಿ. ಕೃಷಿ ಪತ್ತಿನ ಸಹಕಾರ ಸಂಘ ಅನ್ನೋದು ಈ ದೇಶದಲ್ಲಿ ಮೊದಲು ಹುಟ್ಟಿದ್ದೇ ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಹುಕಾರರ ಬಡ್ಡಿಗೆ ಎದುರಾಗಿ ಊರಿನವರು ಕಟ್ಟಿಕೊಂಡ ದಾರಿ ಅದು. ಅದು ಇವತ್ತು ಕೆಲವು ಊರಲ್ಲಿ ಕೆಟ್ಟಿದ್ದರೆ, ಅರ್ಧ ಕಾರಣ ನಮ್ಮ ವಯಸ್ಸಿನವರು ಸದಸ್ಯರಾಗದೇ, ಸರ್ವ ಸದಸ್ಯರ ಸಭೆಗೆ ಹೋಗದೇ ಇರೋದು.

ಮುಯ್ಯಿ ಅಂದರೆ ಬಿಟ್ಟಿ ಅಲ್ಲ

ಈಗ ಕೂಡಿ ಮಾಡೋ ವಿಷಯಕ್ಕೆ ಬರ್ತೀನಿ. ಮುಯ್ಯಾಳು ಪದ್ಧತಿ ನಮ್ಮ ಹಳೇ ಮೈಸೂರು ಕಡೆ ಮೊನ್ನೆ ಮೊನ್ನೆವರೆಗೂ ಇತ್ತು. ಇವತ್ತು ನಿಮ್ಮ ಹೊಲದಲ್ಲಿ ನಾವು ಕಳೆ ಕಿತ್ತರೆ, ನಾಳಿದ್ದು ನಮ್ಮ ಹೊಲಕ್ಕೆ ನೀವು. ನಾಟಿ, ಕಳೆ, ರಾಗಿ ಕೊಯ್ಲು, ಒಕ್ಕಣೆ ಎಲ್ಲಾ ಹೀಗೇ ನಡೀತಿತ್ತು.

ಐದು ಮನೆ, ಮನೆಗೆ ಇಬ್ಬರು ಅಂದರೆ ಹತ್ತು ಆಳು. ಒಂದು ಹೊಲದ ಕಳೆಗೆ ಹತ್ತು ಆಳು ಬೇಕು, ಕೂಲಿ 400 ಅಂತ ಇಟ್ಕೊಂಡರೆ ಹತ್ತು ಆಳಿಗೆ 4,000. ಅದರಲ್ಲಿ ಇಬ್ಬರು ನಿಮ್ಮ ಮನೆಯವರೇ. ಉಳಿದ ಎಂಟು ಆಳಿನ 3,200 ರೂಪಾಯಿ ಕೈಯಿಂದ ಹೋಗಲಿಲ್ಲ. ಹಾಗಂತ ಅದು ಬಿಟ್ಟಿ ಅಲ್ಲ, ಆ ಎಂಟು ಆಳಿನ ದುಡಿಮೆಯನ್ನು ನೀವು ಬೇರೆ ನಾಲ್ಕು ಹೊಲದಲ್ಲಿ ತೀರಿಸಬೇಕು. ಹಾಗಾದರೆ ಲಾಭ ಏನು? ಲಾಭ ಇರೋದು ಹೊತ್ತಿನಲ್ಲಿ. ಕಳೆ ಕೀಳೋ ಕಾಲದಲ್ಲಿ ರೈತನ ಕೈಯಲ್ಲಿ ನಗದು ಇರಲ್ಲ. ಬಿತ್ತನೆಗೆ ಎಲ್ಲಾ ಸುರಿದು ಕೂತಿರ್ತೀವಿ. ಆಗಲೇ ನಾವು ನೂರಕ್ಕೆ ಮೂರರ ಸಾಲಕ್ಕೆ ಹೋಗೋದು. ಮುಯ್ಯಿ ಉಳಿಸೋದು ಆ ಸಾಲವನ್ನು.

ಮತ್ತೆ ಶುರು ಮಾಡೋದಾದರೆ ಹಳೇ ಮುಯ್ಯಿಯ ಓರೆಕೋರೆ ಹಾಗೇ ತರೋದು ಬೇಡ. ನನ್ನ ಪ್ರಕಾರ ಮೂರು ವಿಷಯ ಬದಲಾಗಬೇಕು.

ಮೊದಲನೇದು, ಹೆಂಗಸಿನ ಒಂದು ದಿನ ಗಂಡಸಿನ ಒಂದು ದಿನಕ್ಕೆ ಸಮ. ನಾಟಿ, ಕಳೆಯಂಥ ಬೆನ್ನು ಬಗ್ಗಿಸೋ ಕೆಲಸ ಹೆಂಗಸರದ್ದು, ಅದಕ್ಕೇ ಕಮ್ಮಿ ಲೆಕ್ಕ ಅನ್ನೋದು ನ್ಯಾಯ ಅಲ್ಲ.

ಎರಡನೇದು, ಜಾತಿ ನೋಡಿ, ಬೀದಿ ನೋಡಿ ಮುಯ್ಯಿ ಕೂಡೋದು ಬೇಡ. ಪಕ್ಕದ ಹೊಲ ಯಾರದ್ದೋ ಅವರು ಮುಯ್ಯಿಗೆ. ಹೊಲ ಹತ್ತಿರ ಇದ್ದರೆ ಓಡಾಟವೂ ಕಮ್ಮಿ.

ಮೂರನೇದು, ಜಮೀನಿಲ್ಲದ ಕೂಲಿಯವರ ಹೊಟ್ಟೆ ಮೇಲೆ ಹೊಡೆದು ಉಳಿತಾಯ ಮಾಡೋದು ಬೇಡ. ಅವರಿಗೆ ಮುಯ್ಯಿ ತೀರಿಸಿಕೊಳ್ಳೋಕೆ ಹೊಲ ಇಲ್ಲ, ಅವರಿಗೆ ಬೇಕಾದ್ದು ಕೂಲಿ. ಅವರನ್ನು ಕರೆದ ದಿನ ಪೂರ್ತಿ ಕೂಲಿ ಅದೇ ಸಾಯಂಕಾಲ ಕೊಡಬೇಕು. ಕೂಲಿ ತಡ ಮಾಡೋದು ಅವರಿಂದ ಬಡ್ಡಿಯಿಲ್ಲದ ಸಾಲ ಕಿತ್ತುಕೊಂಡ ಹಾಗೆ.

ಲೆಕ್ಕ ಇಡೋದು ಈಗ ಸುಲಭ. ಐದು ಮನೆಯ ಒಂದು ವಾಟ್ಸಾಪ್ ಗುಂಪು ಸಾಕು. ಸಾಯಂಕಾಲ ಯಾರ ಹೊಲಕ್ಕೆ ಯಾರ್‍ಯಾರು ಬಂದಿದ್ದರು ಅಂತ ಒಂದು ಸಾಲು ಹಾಕಿದರೆ ಆಯ್ತು. ತಿಂಗಳ ಕೊನೆಗೆ ಕೂತು ಕೂಡಿಸಿ, ಬಾಕಿ ಉಳಿದ ದಿನಕ್ಕೆ ಕೂಲಿ ಕೊಟ್ಟು ಚುಕ್ತಾ ಮಾಡಿ. ಬಾಯಿ ಲೆಕ್ಕದಲ್ಲಿ ಜಗಳ ಬರುತ್ತೆ, ಬರೆದ ಲೆಕ್ಕದಲ್ಲಿ ಕಮ್ಮಿ.

ಒಂದು ಮಷೀನಿಗೆ ಐದು ಮನೆ

ಬ್ಯಾಟರಿ ಸ್ಪ್ರೇಯರ್, ಕಳೆ ಕತ್ತರಿಸೋ ಮಷೀನು, ಮೇವು ಕತ್ತರಿಸೋ ಮಷೀನು, ಟಾರ್ಪಾಲು. ಇವೆಲ್ಲಾ ಮನೆ ಮನೆಗೂ ಒಂದೊಂದು ಬೇಕಾ? ಮೇವಿನ ಮಷೀನು ದಿನಾ ಬೇಕು, ಹಸು ಇರೋ ಮನೆಗೆ ಅದು ಸರಿ. ಕಳೆ ಮಷೀನು ಎರಡೆಕರೆಯವನಿಗೆ ವರ್ಷಕ್ಕೆ ಎಷ್ಟು ದಿನ ಬೇಕು, ನೀವೇ ಎಣಿಸಿ. ದೊಡ್ಡ ಯಂತ್ರಗಳಿಗೆ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, 2014-15ರಿಂದ ನಡೀತಿವೆ. ಅಲ್ಲಿ ಬಾಡಿಗೆಗೆ ಸಿಗುತ್ತೆ. ಸುಗ್ಗಿಯಲ್ಲಿ ನೂಕುನುಗ್ಗಲು ಇರುತ್ತೆ, ಮುಂಚೆಯೇ ಹೆಸರು ಬರೆಸಬೇಕು, ಅಷ್ಟೇ.

ಸಣ್ಣ ಸಾಮಾನನ್ನು ಐದು ಮನೆ ಸೇರಿ ತಗೊಂಡರೆ ಈ ನಿಯಮಗಳನ್ನು ಮೊದಲೇ ಮಾತಾಡಿಕೊಳ್ಳಿ:

- ತಗೊಂಡು ಹೋದವರು ತೊಳೆದು, ಬ್ಯಾಟರಿ ಚಾರ್ಜ್ ಮಾಡಿ ಅಥವಾ ಪೆಟ್ರೋಲ್ ಹಾಕಿ ವಾಪಸ್ ಕೊಡಬೇಕು.
- ಬಳಸಿದ ದಿನಕ್ಕೆ 20 ಅಥವಾ 30 ರೂಪಾಯಿ ಒಂದು ಡಬ್ಬಿಗೆ ಹಾಕಬೇಕು. ರಿಪೇರಿ ಆ ದುಡ್ಡಿನಲ್ಲಿ.
- ಮುರಿದರೆ ಯಾರು ಕೊಡಬೇಕು ಅನ್ನೋದು ಮುರಿಯೋಕೆ ಮುಂಚೆಯೇ ತೀರ್ಮಾನ ಆಗಿರಬೇಕು.
- ಕಳೆನಾಶಕಕ್ಕೆ ಒಂದು ಸ್ಪ್ರೇಯರ್ ಬೇರೆಯೇ ಇರಬೇಕು. ಅದರ ಮೇಲೆ ಕೆಂಪು ಬಣ್ಣ ಬಳಿದಿಡಿ.

ಈ ಕೊನೇ ನಿಯಮ ಯಾವತ್ತೂ ಮೀರಬೇಡಿ. 2,4-ಡಿ ಅಂಥ ಕಳೆನಾಶಕ ಹೊಡೆದ ಕ್ಯಾನಿನಲ್ಲಿ ಸ್ವಲ್ಪ ಉಳಿದಿದ್ದರೂ, ಅದರಲ್ಲೇ ಟೊಮೆಟೊಗೋ ಹತ್ತಿಗೋ ಔಷಧಿ ಹೊಡೆದರೆ ಎಲೆ ಮುರುಟಿ ಗಿಡ ಹಾಳಾಗುತ್ತೆ. ಸಾವಿರ ರೂಪಾಯಿ ಉಳಿಸೋಕೆ ಹೋಗಿ ಬೆಳೆಯೂ ಹೋಗಿ, ನೆರೆಯವರ ಸ್ನೇಹವೂ ಹೋಗುತ್ತೆ.

ಹೊಲ ನೋಡಿದರೆ ಅಡುಗೆಮನೆ ಹಗುರ

ಅಡುಗೆಮನೆ ಖರ್ಚು ಕಮ್ಮಿ ಆಗಬೇಕು ಅನ್ನೋದು ನಿಜವಾದರೆ ಅದರ ದಾರಿ ಹೊಲದಲ್ಲಿದೆ. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ, ಸಾಸಿವೆ, ಅಂಚಿಗೆ ಹರಳು. ರಾಗಿ ಕೈಕೊಟ್ಟ ವರ್ಷವೂ ಅವರೆಯೋ ತೊಗರಿಯೋ ಮನೆಗೆ ಬರ್ತಿತ್ತು. ಹುಚ್ಚೆಳ್ಳಿನ ಹೂವಿಗೆ ಜೇನು ಬರ್ತಿತ್ತು, ತೊಗರಿ ಎಲೆ ಉದುರಿ ಮಣ್ಣಿಗೆ ಸೇರ್ತಿತ್ತು. ಈಗ ಕೊಯ್ಲಿಗೆ ಮಷೀನು ಬಂದ ಮೇಲೆ ಅಕ್ಕಡಿ ಸಾಲು ತೊಂದರೆ ಅಂತ ಬಿಟ್ಟಿದ್ದೀವಿ. ತೊಗರಿ ಬೆಳೆಯೋ ನೆಲ ಇಟ್ಕೊಂಡು ಅಂಗಡಿಯಿಂದ ಬೇಳೆ ಪ್ಯಾಕೆಟ್ ತರ್ತಿದ್ದೀವಿ, ಆಮೇಲೆ ಬೇಳೆ ಯಾಕೆ ಇಷ್ಟು ಖರ್ಚಾಗುತ್ತೆ ಅಂತ ಹೆಂಗಸರನ್ನು ಕೇಳ್ತೀವಿ!

ಪೂರ್ತಿ ಹೊಲಕ್ಕೆ ಆಗದಿದ್ದರೆ ಬೇಡ. ಬದುವಿನ ಪಕ್ಕ ಮಷೀನು ಬರದ ಕಡೆ ಐದಾರು ಸಾಲು ಬಿಡಿ. ಬಚ್ಚಲು ನೀರು ಹೋಗೋ ಜಾಗದಲ್ಲಿ ಎರಡು ನುಗ್ಗೆ, ಒಂದು ಪಪ್ಪಾಯಿ, ಒಂದು ಮಡಿ ದಂಟು, ಒಂದು ಚಪ್ಪರ ಹೀರೆ. ಹಿತ್ತಲಲ್ಲಿ ಹತ್ತು ನಾಟಿ ಕೋಳಿ. ಬಸ್ಸಾರಿಗೆ ಸೊಪ್ಪು ದುಡ್ಡು ಕೊಟ್ಟು ತರೋ ರೈತನ ಮನೆ ಇರಬಾರದು ಅನ್ನೋದು ನನ್ನ ಹಟ.

ಬೀಜದ್ದೂ ಅಷ್ಟೇ. ರಾಗಿ ತನ್ನಲ್ಲೇ ಪರಾಗಸ್ಪರ್ಶ ಆಗೋ ಬೆಳೆ. ಜಿಪಿಯು-28, ಎಂಎಲ್-365 ಅಂಥ ತಳಿಗಳ ಬೀಜವನ್ನು ಒಳ್ಳೆ ತೆನೆ ಆರಿಸಿ, ಒಣಗಿಸಿ ಇಟ್ಟುಕೊಂಡರೆ ಎರಡು ಮೂರು ವರ್ಷ ಧಾರಾಳ ಬಿತ್ತಬಹುದು. ಮೆಕ್ಕೆಜೋಳದ ಹೈಬ್ರಿಡ್ಡಿಗೆ ಮಾತ್ರ ಈ ಕೆಲಸ ಮಾಡಬೇಡಿ, ಮುಂದಿನ ಬೆಳೆ ಏರುಪೇರಾಗುತ್ತೆ. ಬಿತ್ತೋಕೆ ಮುಂಚೆ 100 ರಾಗಿ ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಐದಾರು ದಿನ ಬಿಟ್ಟು ನೋಡಿ, 75ಕ್ಕಿಂತ ಹೆಚ್ಚು ಮೊಳೆತಿದ್ದರೆ ಬೀಜ ಚೆನ್ನಾಗಿದೆ. ಐದು ಮನೆಯವರು ಒಬ್ಬೊಬ್ಬರು ಒಂದೊಂದು ಬೀಜ, ಒಬ್ಬರು ಅವರೆ, ಒಬ್ಬರು ಅಲಸಂದೆ, ಒಬ್ಬರು ಹೀರೆ, ಹೀಗೆ ಕಾಪಾಡಿಕೊಂಡು ಹಂಚಿಕೊಂಡರೆ ಪ್ಯಾಕೆಟ್ ಬೀಜದ ಖರ್ಚು ಬಹುಪಾಲು ಇಳಿಯುತ್ತೆ.

ಸಂಘ ಹೆಂಗಸರಿಗೆ ಮಾತ್ರನಾ?

ಕೂಡಿ ಉಳಿಸೋದನ್ನು ಹೆಂಗಸರು ನಮಗಿಂತ ಮುಂಚೆ ಕಲಿತರು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಇವುಗಳನ್ನು ಬ್ಯಾಂಕಿಗೆ ಜೋಡಿಸೋ ಕೆಲಸ ಶುರು ಮಾಡಿತು. ಸ್ವಂತ ಸಂಘದಲ್ಲಿ ನೂರಕ್ಕೆ ಎರಡರಂತೆ ಬಡ್ಡಿ ಕಟ್ಟಿದರೂ ಆ ಬಡ್ಡಿ ಸಂಘದ ಗಂಟಿಗೇ ಸೇರುತ್ತೆ, ವರ್ಷದ ಕೊನೆಗೆ ಪಾಲಾಗಿ ವಾಪಸ್ ಬರುತ್ತೆ. ಸಾಹುಕಾರನಿಗೆ ಕೊಟ್ಟ ಬಡ್ಡಿ ವಾಪಸ್ ಬಂದಿದ್ದು ಯಾರಾದರೂ ನೋಡಿದ್ದೀರಾ?

ಆದರೆ ಒಂದು ಕಹಿ ಮಾತು ಹೇಳಲೇಬೇಕು. ಎಷ್ಟೋ ಮನೆಗಳಲ್ಲಿ ಸಾಲ ತಗೊಂಡಿದ್ದು ಹೆಂಗಸಿನ ಹೆಸರಲ್ಲಿ, ಖರ್ಚು ಮಾಡಿದ್ದು ಗಂಡಸು, ವಾರ ವಾರ ಕಂತಿಗೆ ಪರದಾಡೋದು ಮತ್ತೆ ಹೆಂಗಸು. ಗೃಹಲಕ್ಷ್ಮಿಯ 2,000 ಬಂದ ದಿನವೇ ಕಂತಿಗೆ ಹೋಗುತ್ತೆ. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ಎಷ್ಟರ ಮಟ್ಟಿಗೆ ಹೋಯ್ತು ಅಂದರೆ, 2025ರಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯೋಕೆ ಅಂತಲೇ ಕಾನೂನು ತರಬೇಕಾಯ್ತು. ಮೈಕ್ರೋ ಫೈನಾನ್ಸ್ ಸಾಲ ಕೊಡುವಾಗ ಮನೆಯ ಎಲ್ಲಾ ಸಾಲಗಳ ತಿಂಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು ಅನ್ನೋದು ರಿಸರ್ವ್ ಬ್ಯಾಂಕ್ ಹಾಕಿರೋ ಮಿತಿ. ಕೊಡೋರು ನೋಡದಿದ್ದರೂ ತಗೊಳ್ಳೋ ನಾವು ನೋಡಬೇಕು. ನನ್ನ ಕೇಳಿದರೆ, ಮಳೆ ನಂಬಿದ ಮನೆಗೆ ಅರ್ಧವೂ ಜಾಸ್ತಿಯೇ. ನಮ್ಮ ಆದಾಯ ತಿಂಗಳ ತಿಂಗಳ ಬರಲ್ಲ, ಕಂತು ಮಾತ್ರ ಬರುತ್ತೆ.

ಇನ್ನು ಮೊಬೈಲ್ ಆಪ್ ಸಾಲ. ಐದು ನಿಮಿಷದಲ್ಲಿ ಐದು ಸಾವಿರ ಅಂತ ಬರೋ ಆಪ್ ನಿಮ್ಮ ಫೋಟೋ, ಫೋನ್ ನಂಬರುಗಳ ಪಟ್ಟಿ ಎಲ್ಲಾ ಕೇಳಿದರೆ ಅಲ್ಲೇ ಬಿಡಿ. ಸಾಲದ ಆಪುಗಳು ಫೋನಿನ ನಂಬರುಗಳ ಪಟ್ಟಿ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆನ್‌ಲೈನ್ ಮೋಸಕ್ಕೆ ಸಿಕ್ಕಿಬಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ನೋಂದಣಿ ಇಲ್ಲದ ಚೀಟಿಗೂ ಇದೇ ಮಾತು. ನಡೆಸೋರು ಎಷ್ಟೇ ಒಳ್ಳೆಯವರಾದರೂ, ಚೀಟಿ ಎತ್ತಿದ ಇಬ್ಬರು ಕೈ ಎತ್ತಿದರೆ ಇಡೀ ಬೀದಿ ಮುಳುಗುತ್ತೆ.

ಯುವ ರೈತರು ಹತ್ತು ಜನ ಸೇರಿ ವಾರಕ್ಕೆ 100 ರೂಪಾಯಿ ಹಾಕಿದರೆ ವರ್ಷಕ್ಕೆ 52,000. ಬ್ಯಾಂಕಿನಲ್ಲಿ ಗುಂಪಿನ ಹೆಸರಿನ ಖಾತೆ, ಇಬ್ಬರ ಸಹಿ. ಬಿತ್ತನೆ ಹೊತ್ತಿನಲ್ಲಿ ಗುಂಪಿನೊಳಗೇ ಕೈಸಾಲ. ಇದೇನು ದೊಡ್ಡ ವಿದ್ಯೆ ಅಲ್ಲ, ನಮ್ಮ ಅವ್ವಂದಿರು ಓದು ಬರಹ ಬರದೇ ಮಾಡಿ ತೋರಿಸಿದ್ದಾರೆ.

ಉಳಿಸಬಾರದ ಖರ್ಚು

ಬಿಗಿ ಕಾಲದಲ್ಲೂ ಕೆಲವು ಖರ್ಚು ಬಿಡಬಾರದು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಾಗೋ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಅಪಘಾತದಿಂದ ಸಾವಾದರೆ ಮನೆಯವರಿಗೆ 2 ಲಕ್ಷ. 436 ರೂಪಾಯಿಯ ಜೀವನ್ ಜ್ಯೋತಿ ಬಿಮಾದಲ್ಲಿ ಯಾವುದೇ ಕಾರಣದ ಸಾವಿಗೂ 2 ಲಕ್ಷ, ಅದಕ್ಕೆ ಸೇರೋ ವಯಸ್ಸು 18ರಿಂದ 50. ಎರಡೂ ಸೇರಿ ವರ್ಷಕ್ಕೆ 456. ಮೇ ಕೊನೆಗೆ ಖಾತೆಯಲ್ಲಿ ಅಷ್ಟು ದುಡ್ಡು ಇರೋ ಹಾಗೆ ನೋಡಿಕೊಳ್ಳಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ಹೆಸರು ಬರೆಸೋ ಗಡುವನ್ನು ನಿಮ್ಮ ಸಂಘದಲ್ಲೇ ಕೇಳಿ. ಹಾವು, ಕರೆಂಟು, ಬಾವಿ, ಟ್ರ್ಯಾಕ್ಟರ್ ಜೊತೆ ಬದುಕೋ ನಮಗೆ ಇದು ದುಂದು ಅಲ್ಲ. ಹಾಗೆಯೇ ಮಣ್ಣು ಪರೀಕ್ಷೆ, ಜಾನುವಾರು ಲಸಿಕೆ, ಮಕ್ಕಳ ಮೊಟ್ಟೆ ಹಾಲು. ಇವುಗಳಲ್ಲಿ ಉಳಿಸಿದ್ದು ಉಳಿತಾಯ ಅಲ್ಲ.

"ಬೆಲೆನೇ ಸಿಗದಿದ್ದರೆ ಉಳಿಸೋದೇನು?"

ಈ ಪ್ರಶ್ನೆ ಬಂದೇ ಬರುತ್ತೆ, ಬರಬೇಕು ಕೂಡ. ಟೊಮೆಟೊ ರಸ್ತೆಗೆ ಸುರಿಯೋ ದಿನ ಯಾವ ಉಳಿತಾಯವೂ ರೈತನನ್ನು ಕಾಪಾಡಲ್ಲ. ಬೆಂಬಲ ಬೆಲೆಗೆ, ಖರೀದಿ ಕೇಂದ್ರಕ್ಕೆ, ಬೆಳೆವಿಮೆ ಪರಿಹಾರಕ್ಕೆ ಹೋರಾಟ ನಡೀಲೇಬೇಕು. "ರೈತ ದುಂದು ಮಾಡ್ತಾನೆ, ಅದಕ್ಕೇ ಸಾಲ" ಅಂತ ಪೇಟೆಯಲ್ಲಿ ಕೂತು ಹೇಳೋರ ಮಾತನ್ನು ನಾನು ಒಪ್ಪಲ್ಲ.

ಆದರೂ ಕೈಯಲ್ಲಿ ಉದ್ರಿ ಇಲ್ಲದ ರೈತನಿಗೂ ಉದ್ರಿ ಇರೋ ರೈತನಿಗೂ ಕಣದಲ್ಲೇ ವ್ಯತ್ಯಾಸ ಗೊತ್ತಾಗುತ್ತೆ. ಉದ್ರಿ ಇರೋನು ಒಕ್ಕಿದ ದಿನವೇ ರಾಗಿ ಎತ್ತಿ ಕೊಡ್ತಾನೆ, ಕೇಳಿದ ಬೆಲೆಗೆ. ಇಲ್ಲದೋನು ಒಂದು ತಿಂಗಳು ಮನೆಯಲ್ಲಿಟ್ಟು, ಖರೀದಿ ಕೇಂದ್ರಕ್ಕೆ ಹೆಸರು ಬರೆಸಿ ಕಾಯ್ತಾನೆ. ಉಳಿತಾಯ ನಮಗೆ ಕೊಡೋದು ಕಾಯೋ ಶಕ್ತಿ. ಬೆಲೆಗಾಗಿ ಜಗಳ ಆಡೋಕೂ ಆ ಶಕ್ತಿ ಬೇಕು.

"ಕೂಡಿ ಮಾಡಿದರೆ ಜಗಳ ಆಗುತ್ತೆ" ಅನ್ನೋದು ಇನ್ನೊಂದು ಮಾತು. ಆಗುತ್ತೆ. ಅಣ್ಣತಮ್ಮಂದಿರಲ್ಲೇ ಆಗುತ್ತೆ, ಐದು ಮನೆಯಲ್ಲಿ ಆಗಲ್ವಾ? ಅದಕ್ಕೇ ಚಿಕ್ಕದಾಗಿ ಶುರು ಮಾಡಿ. ಮೊದಲ ವರ್ಷ ಬರೀ ಕಳೆ ಮುಯ್ಯಿ. ಅದು ನಡೆದರೆ ಎರಡನೇ ವರ್ಷ ಒಂದು ಸ್ಪ್ರೇಯರ್. ಅದೂ ನಡೆದರೆ ಗೊಬ್ಬರ ಒಟ್ಟಿಗೆ ತರೋದು. ಮದುವೆ, ಬೀಗರೂಟದ ಖರ್ಚಿನ ವಿಷಯ ಅದಾದ ಮೇಲೆ. ನಾಲ್ಕು ಮನೆ ಒಟ್ಟಿಗೆ "ಇಷ್ಟೇ ಸಾಕು" ಅಂತ ತೀರ್ಮಾನ ಮಾಡಿದರೆ, ಒಬ್ಬನೇ ಕಮ್ಮಿ ಮಾಡಿದಾಗ ಆಗೋ ಅವಮಾನ ಯಾರಿಗೂ ಆಗಲ್ಲ.

ಈ ವಾರ ಮಾಡಬೇಕಾದ ಕೆಲಸ

ಒಂದು ಸಂಜೆ ಟಿವಿ, ಮೊಬೈಲು ಆರಿಸಿ ಮನೆಯವರೆಲ್ಲ ಕೂತ್ಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಯಾವಾಗ ಅಂತ ಪ್ರತಿ ಸಾಲವನ್ನೂ ಬರೀರಿ. ಅಂಗಡಿ ಉದ್ರಿ, ಒಡವೆ ಅಡವು, ಕೈಸಾಲ, ಎಲ್ಲಾ. ಯಾರನ್ನೂ ಬೈಯೋ ಹಾಗಿಲ್ಲ ಅನ್ನೋ ಷರತ್ತು ಮೊದಲೇ ಹಾಕಿಕೊಳ್ಳಿ. ಬಡ್ಡಿಯನ್ನೆಲ್ಲ ವರ್ಷದ ಲೆಕ್ಕಕ್ಕೆ ತಿರುಗಿಸಿ, ಯಾವುದು ಎಲ್ಲಕ್ಕಿಂತ ದುಬಾರಿಯೋ ಅದನ್ನು ಮೊದಲು ತೀರಿಸೋ ದಾರಿ ಹುಡುಕಿ.

ಈ ಪಟ್ಟಿ ಬರೆಯೋದು ಯಾಕೆ ಮುಖ್ಯ ಅಂದರೆ, ನಮ್ಮ ಹಳ್ಳಿಗಳಲ್ಲಿ ಸಾಲಕ್ಕೆ ಬಲಿಯಾದವರ ಮನೆಗಳಲ್ಲಿ ಆಮೇಲೆ ಕೇಳಿಬರೋ ಮಾತು ಹೆಚ್ಚಾಗಿ ಒಂದೇ: "ಇಷ್ಟು ಸಾಲ ಇತ್ತು ಅಂತ ನಮಗೆ ಗೊತ್ತೇ ಇರಲಿಲ್ಲ." ಗೊತ್ತಿದ್ದಿದ್ದರೆ ಒಡವೆ ಮಾರಬಹುದಿತ್ತು, ಅಣ್ಣನ ಹತ್ತಿರ ಕೇಳಬಹುದಿತ್ತು, ಕಂತು ಮುಂದೂಡಿಸೋಕೆ ಬ್ಯಾಂಕಿಗೆ ಹೋಗಬಹುದಿತ್ತು. ಬಚ್ಚಿಟ್ಟ ಸಾಲಕ್ಕೆ ಯಾರೂ ಹೆಗಲು ಕೊಡೋಕಾಗಲ್ಲ.

ಪಟ್ಟಿ ಆದ ಮೇಲೆ ಪಕ್ಕದ ಹೊಲದವರನ್ನು ಮಾತಾಡಿಸಿ. ಈ ಸಲದ ಕಳೆಗೆ ನಾನು ನಿಮ್ಮ ಹೊಲಕ್ಕೆ ಬರ್ತೀನಿ, ನೀವು ನಮ್ಮ ಹೊಲಕ್ಕೆ ಬನ್ನಿ ಅಂತ ಕೇಳಿ. ಮೊದಲು ಕೇಳೋರಿಗೆ ಸ್ವಲ್ಪ ಮುಜುಗರ ಆಗುತ್ತೆ, ಆಗಲಿ. ನೂರಕ್ಕೆ ಮೂರಕ್ಕೆ ಕೈ ಚಾಚೋವಾಗ ಆಗೋ ಮುಜುಗರಕ್ಕಿಂತ ಅದು ಎಷ್ಟೋ ವಾಸಿ.